ಪೂರ್ತಿ ಎಂದರೆ ಪುರವಣಿ

1991ರ ಜೂನ್. ಬ್ಯಾಂಕಿನ ಕೆಲಸಕ್ಕೆಂದು ಗದಗದಿಂದ ಹೊರಟು ಸೂರತ್‌ಗೆ ಬಂದು ಎಂಟೇ ದಿನವಾಗಿತ್ತು. ನಾನ್‌ಪುರಾದಲ್ಲಿ ಒಂದು ಮನೆಯ ಮಹಡಿ ಮೇಲೆ ಬಾಡಿಗೆ ರೂಮು. ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಬಿದ್ದಿದ್ದ ಗುಜರಾತಿ ಪೇಪರ್ ಎತ್ತಿಕೊಂಡು ಚಿತ್ರ ನೋಡುತ್ತ ಕೂತಿದ್ದೆ. ಅಕ್ಷರ ಬರುತ್ತಿರಲಿಲ್ಲ. ಕೆಳಗಿನಿಂದ ಮನೆ ಮಾಲಕಿ ಮಾಸಿ ಕೂಗಿದರು: "ಭಾಯ್, ಪೂರ್ತಿ ಆಪೋನೆ!"

'ಆಪೋ' ಎಂದರೆ ಕೊಡಿ ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ಪೂರ್ತಿ ಕೊಡಿ ಎನ್ನುತ್ತಿದ್ದಾರಲ್ಲ, ಅವರ ಪೇಪರು ಅವರಿಗೆ, ನಾನ್ಯಾಕೆ ಹಿಡಿದು ಕೂರಬೇಕು ಎಂದು ಒಂದು ಹಾಳೆಯನ್ನೂ ಬಿಡದೆ ಮಡಚಿ ಕೊಟ್ಟು ಬಂದೆ. ಮಾಸಿ ನಕ್ಕರು. ಒಳಗಿನಿಂದ ಬಣ್ಣಬಣ್ಣದ ಎಂಟು ಪುಟಗಳ ಒಂದು ಕಟ್ಟನ್ನು ಎಳೆದುಕೊಂಡು ಉಳಿದದ್ದನ್ನೆಲ್ಲ ನನಗೇ ವಾಪಸ್ ಕೊಟ್ಟರು. ನಮ್ಮ ಕನ್ನಡದಲ್ಲಿ ಪೂರ್ತಿ ಎಂದರೆ ಎಲ್ಲವೂ. ಗುಜರಾತಿಯಲ್ಲಿ ಪೂರ್ತಿ ಎಂದರೆ ಪುರವಣಿ!

ಆ ಎಂಟು ಪುಟಗಳ ಕಟ್ಟಿನ ಜೊತೆ ನನ್ನ ಮೂರು ದಶಕಗಳ ಒಡನಾಟ ಅಲ್ಲಿಂದ ಶುರುವಾಯಿತು. ಸೂರತ್, ವಡೋದರಾ, ಮತ್ತೆ ಸೂರತ್, ಈಗ ಅಹಮದಾಬಾದ್... ವರ್ಗಾವಣೆಯಲ್ಲಿ ಮನೆ ಬದಲಾಯಿತು, ಗ್ಯಾಸ್ ಕನೆಕ್ಷನ್ ಬದಲಾಯಿತು, ಮಗಳ ಶಾಲೆ ಬದಲಾಯಿತು. ಭಾನುವಾರದ ಪೂರ್ತಿ ಮಾತ್ರ ಬದಲಾಗಲಿಲ್ಲ. ಇವತ್ತು ಅದರ ಇತಿಹಾಸವನ್ನೇ ಒಂದಿಷ್ಟು ಹೇಳೋಣ ಎಂದುಕೊಂಡಿದ್ದೇನೆ. ಇದೇನು ದೊಡ್ಡ ಇತಿಹಾಸ ಎಂದು ಮೂಗು ಮುರಿಯಬೇಡಿ. ಒಂದು ಊರಿನ ಜನ ರಜೆಯ ದಿನ ಚಹಾ ಕುಡಿಯುತ್ತ ಏನು ಓದುತ್ತಾರೆ ಎಂಬುದೂ ಆ ಊರಿನ ಇತಿಹಾಸವೇ.

ಮೊದಲು ನಮ್ಮ ಮನೆಯ ಮಾತು. ಗದಗಿನಲ್ಲಿ ಅಪ್ಪ 'ಸಂಯುಕ್ತ ಕರ್ನಾಟಕ' ತರಿಸುತ್ತಿದ್ದರು. 'ಕರ್ಮವೀರ' ಬೇರೆ, ಅದಕ್ಕೆ ಬೇರೆ ದುಡ್ಡು. 'ಕಸ್ತೂರಿ' ಬೇರೆ, 'ಸುಧಾ' ಪಕ್ಕದ ಮನೆಯಿಂದ ಅದಲು ಬದಲು. ಕರ್ಮವೀರ 1921ರಲ್ಲಿ ಧಾರವಾಡದಲ್ಲಿ ಹುಟ್ಟಿದ್ದು, ಕಸ್ತೂರಿ 1956ರದು. ಬೆಂಗಳೂರಿನಲ್ಲಿ 'ಪ್ರಜಾವಾಣಿ' 1948ರಲ್ಲಿ ಶುರುವಾಯಿತು. ಅದೇ ಬಳಗ 1965ರ ಜನವರಿಯಲ್ಲಿ 'ಸುಧಾ' ತಂದಿತು. ಮಣಿಪಾಲದವರು 1970ರಲ್ಲಿ 'ಉದಯವಾಣಿ' ಮಾಡಿದರು, 1983ರಲ್ಲಿ 'ತರಂಗ' ಮಾಡಿದರು. ನಮ್ಮಲ್ಲಿ ಭಾನುವಾರದ ಪುರವಣಿ ಇರಲಿಲ್ಲವೆಂದಲ್ಲ, ಚೆನ್ನಾಗಿಯೇ ಇತ್ತು. ಆದರೆ ವಾರಪತ್ರಿಕೆ ಎಂದರೆ ಅಂಗಡಿಯಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿ ನೇತುಹಾಕಿದ, ಜೇಬಿನಿಂದ ನಾಣ್ಯ ತೆಗೆದು ಕೊಳ್ಳಬೇಕಾದ ವಸ್ತು. ಧಾರಾವಾಹಿಯ ಮುಂದಿನ ಕಂತಿಗೆ ಮನೆಯ ಹೆಂಗಸರು ಕಾಯುತ್ತಿದ್ದರು, ಅಪ್ಪ ದುಡ್ಡು ಕೊಡುವಾಗ ಗೊಣಗುತ್ತಿದ್ದರು. ಒಮ್ಮೆ ಯಾವುದೋ ಲೇಖನ ಮನಸ್ಸಿಗೆ ಬಾರದೆ ಸಿಟ್ಟು ಮಾಡಿಕೊಂಡು ಎರಡು ತಿಂಗಳು ಒಂದು ವಾರಪತ್ರಿಕೆ ನಿಲ್ಲಿಸಿಯೂ ಇದ್ದರು. ಈ ನಿಲ್ಲಿಸುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಜರಾತಿನಲ್ಲಿ ಪ್ರತ್ಯೇಕ ವಾರಪತ್ರಿಕೆ ಇಲ್ಲವೆಂದಲ್ಲ. ವಜು ಕೋಟಕ್ 1950ರಲ್ಲಿ ಮುಂಬೈಯಲ್ಲಿ ಶುರು ಮಾಡಿದ 'ಚಿತ್ರಲೇಖಾ' ಇದೆ. ಟಿವಿಯಲ್ಲಿ ನೀವೆಲ್ಲ ನೋಡುವ ತಾರಕ್ ಮೆಹ್ತಾರ ಉಲ್ಟಾ ಚಶ್ಮಾ ಹುಟ್ಟಿದ್ದು ಅದರಲ್ಲಿಯೇ, 1971ರಲ್ಲಿ. ಆದರೆ ಅಹಮದಾಬಾದಿನ ದಿನಪತ್ರಿಕೆಗಳು ಹಿಡಿದ ದಾರಿ ಬೇರೆ. ಅವು ವಾರಪತ್ರಿಕೆಯನ್ನು ಹೊರಗೆ ಮಾರುವ ಬದಲು ಪೇಪರಿನ ಹೊಟ್ಟೆಯೊಳಗೇ ಇಟ್ಟು ಕಳಿಸಿದವು.

ನಾನು ವಡೋದರಾಕ್ಕೆ ಬರುವ ಹೊತ್ತಿಗೆ 'ಗುಜರಾತ್ ಸಮಾಚಾರ್' ಪತ್ರಿಕೆಯಲ್ಲಿ ವಾರದ ದಿನಕ್ಕೊಂದು ಪೂರ್ತಿ. ಹೆಂಗಸರಿಗೆ 'ಸಹಿಯರ್', ಬುಧವಾರ 'ಶತದಲ್', ಗುರುವಾರ 'ಧರ್ಮಲೋಕ್', ಶುಕ್ರವಾರ ಸಿನಿಮಾದ 'ಚಿತ್ರಲೋಕ್', ಮಕ್ಕಳಿಗೆ 'ಝಗ್‌ಮಗ್', ಭಾನುವಾರ 'ರವಿಪೂರ್ತಿ'. ಎದುರಾಳಿ 'ಸಂದೇಶ್' ಪತ್ರಿಕೆಯ ಭಾನುವಾರದ ಪೂರ್ತಿಯ ಹೆಸರು 'ಸಂಸ್ಕಾರ್'. ಹೆಸರುಗಳನ್ನು ಗಮನಿಸಿ. ಧರ್ಮ, ಸಂಸ್ಕಾರ... ಒಂದು ಮಧ್ಯಮ ವರ್ಗದ ವ್ಯಾಪಾರಿ ಮನೆ ತನ್ನ ಮಕ್ಕಳಿಗೆ ಏನೇನು ಕಲಿಸಬೇಕೆಂದು ಬಯಸುತ್ತದೋ ಅದರ ಪಟ್ಟಿ ಇದು. ಝಗ್‌ಮಗ್ ಒಂದು ಕಾಲಕ್ಕೆ ಬೇರೆಯಾಗಿಯೇ ಬರುತ್ತಿದ್ದ ಮಕ್ಕಳ ವಾರಪತ್ರಿಕೆ. ಮಿಯಾಂ ಫುಸ್ಕಿಯಂಥ ಪಾತ್ರಗಳನ್ನು ಸೃಷ್ಟಿಸಿದ ಜೀವರಾಮ್ ಜೋಷಿ ಅದನ್ನು ನಡೆಸುತ್ತಿದ್ದರು. ಕೊನೆಗೆ ಅದೂ ದಿನಪತ್ರಿಕೆಯ ಮಡಿಕೆಯೊಳಗೆ ಬಂದು ಕೂತಿತು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಬೇರು ಹುಡುಕಿದರೆ ಸೂರತ್‌ಗೇ ಬರಬೇಕು. 'ಗುಜರಾತ್‌ಮಿತ್ರ' ಇಲ್ಲಿ 1863ರಲ್ಲಿ ವಾರಪತ್ರಿಕೆಯಾಗಿ ಶುರುವಾಯಿತು, ಈಗಲೂ ಸೂರತಿಗಳು ಅದನ್ನು ತಮ್ಮ ಮನೆಯ ಪೇಪರ್ ಎನ್ನುತ್ತಾರೆ. ಸೂರತ್‌ನ ಕವಿ ನರ್ಮದ್ 1864ರಲ್ಲಿ 'ದಾಂಡಿಯೋ' ಎಂಬ ಪಾಕ್ಷಿಕ ತಂದು ಸಂಪ್ರದಾಯವಾದಿಗಳ ಮೇಲೆ ಕೋಲು ಬೀಸಿದ. ವಿಚಿತ್ರವೆಂದರೆ ಅದೇ ನರ್ಮದ್ ಕೊನೆಗಾಲದಲ್ಲಿ ಸುಧಾರಣೆಯ ಮಾತು ಬಿಟ್ಟು ಹಳೆಯ ಧರ್ಮದ ಕಡೆ ತಿರುಗಿದ. ಇನ್ನೊಬ್ಬ ಸೂರತಿ ಇಚ್ಛಾರಾಮ್ ಸೂರ್ಯರಾಮ್ ದೇಸಾಯಿ 1880ರಲ್ಲಿ ಮುಂಬೈಯಲ್ಲಿ 'ಗುಜರಾತಿ' ಎಂಬ ವಾರಪತ್ರಿಕೆ ಹೊರಡಿಸಿದರು. ರಾಜಕೀಯದಲ್ಲಿ ಸ್ವದೇಶಾಭಿಮಾನಿ, ಸಮಾಜದ ವಿಷಯ ಬಂದರೆ ಹಳೆಯ ಪದ್ಧತಿಯ ಪರ. ಸಂಪ್ರದಾಯದ ಪರವಾಗಿದ್ದೂ ಜನ ಮುಗಿಬಿದ್ದು ಓದುವ ವಾರಪತ್ರಿಕೆ ಮಾಡಬಹುದೆಂದು ತೋರಿಸಿದವರು ಅವರು. ಇನ್ನೊಂದು ಜಾಣತನವನ್ನೂ ಮಾಡಿದರು. ಚಂದಾದಾರರಿಗೆ ವರ್ಷಕ್ಕೊಂದು ಪುಸ್ತಕ ಉಡುಗೊರೆ! ಇದಕ್ಕೆ ಗುಜರಾತಿಯಲ್ಲಿ 'ಭೇಟ್ ಪುಸ್ತಕ' ಎನ್ನುತ್ತಾರೆ. ಮುಂದೆ ರಾಣ್‌ಪುರದ 'ಸೌರಾಷ್ಟ್ರ' ವಾರಪತ್ರಿಕೆಯವರೂ ಹೀಗೇ ಮಾಡಿದರು, ಝವೇರ್‌ಚಂದ್ ಮೇಘಾಣಿಯವರ ಪುಸ್ತಕಗಳು ಎಷ್ಟೋ ಹಳ್ಳಿಮನೆಗಳಿಗೆ ಹೋದದ್ದು ಹೀಗೆ, ಭೇಟ್ ರೂಪದಲ್ಲಿ.

ಅಂದರೆ ಸುದ್ದಿಗೆ ದುಡ್ಡು ಕೊಟ್ಟವನಿಗೆ ಸಾಹಿತ್ಯ ಬಿಟ್ಟಿ ಎಂಬ ಅಭ್ಯಾಸ ಗುಜರಾತಿಗೆ ನೂರು ವರ್ಷ ಹಳೆಯದು. ಪೂರ್ತಿ ಎಂಬುದು ಆ ಭೇಟ್ ಪುಸ್ತಕದ ಮೊಮ್ಮಗ. ವರ್ಷಕ್ಕೊಮ್ಮೆ ಬರುತ್ತಿದ್ದುದು ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ ಬರತೊಡಗಿತು, ಅಷ್ಟೇ.

ನಾನು ಬಿ.ಕಾಂ ಓದಿದವನು, ಲೆಕ್ಕ ಹೇಳದೆ ಬಿಡುವುದಿಲ್ಲ. ಒಂದು ವಾರಪತ್ರಿಕೆಯನ್ನು ಪ್ರತ್ಯೇಕವಾಗಿ ಮಾರಿದರೆ ಸಾಗಣೆ ಬೇರೆ, ಏಜೆಂಟರ ಕಮಿಷನ್ ಬೇರೆ, ಮಾರಾಟವಾಗದೆ ವಾಪಸ್ ಬರುವ ಪ್ರತಿಗಳ ನಷ್ಟ ಬೇರೆ. ಅದೇ ಪುಟಗಳನ್ನು ದಿನಪತ್ರಿಕೆಯೊಳಗೆ ಇಟ್ಟರೆ ಸಾಗಣೆಯ ಖರ್ಚು ಬಹುಪಾಲು ಇಲ್ಲ, ಅದರ ಪಾಲಿಗೆ ವಾಪಸಾತಿ ಎಂಬ ಚಿಂತೆಯೇ ಇಲ್ಲ. ದಿನಪತ್ರಿಕೆ ಎಷ್ಟು ಮನೆಗೆ ಹೋಗುತ್ತದೋ ಪೂರ್ತಿಯೂ ಅಷ್ಟೇ ಮನೆಗೆ. ಜಾಹೀರಾತು ಕೊಡುವವನ ಮುಂದೆ ಅದೇ ದೊಡ್ಡ ಸಂಖ್ಯೆಯನ್ನು ಇಡಬಹುದು. ಅದರಲ್ಲಿ ಬಿಸಿ ಸುದ್ದಿ ಇಲ್ಲದ್ದರಿಂದ ಮುದ್ರಣ ಯಂತ್ರ ಖಾಲಿ ಇರುವ ಹಗಲಿನಲ್ಲಿ ಎರಡು ದಿನ ಮುಂಚೆಯೇ ಅಚ್ಚು ಹಾಕಿಡಬಹುದು. ಬೆಳಗಿನ ಜಾವ ನಾಲ್ಕಕ್ಕೆ ಫುಟ್‌ಪಾತಿನ ಮೇಲೆ ಕೂತ ಪೇಪರ್ ಹುಡುಗರು ಒಂದರೊಳಗೊಂದು ಸೇರಿಸುತ್ತಾರೆ. ಸೂರತ್ ಸ್ಟೇಷನ್ ಹೊರಗೆ ಎಷ್ಟೋ ಸಲ ನಿಂತು ನೋಡಿದ್ದೇನೆ, ನಮ್ಮ ಕ್ಯಾಶಿಯರ್ ನೋಟು ಎಣಿಸುವುದಕ್ಕಿಂತ ಚುರುಕು ಆ ಕೈಗಳು.

ಓದುಗನ ಲೆಕ್ಕವೂ ಇದೆ. ಇಲ್ಲಿ ರದ್ದಿಗೆ 'ಪಸ್ತಿ' ಎನ್ನುತ್ತಾರೆ. ಪುಟ ಹೆಚ್ಚಿದಷ್ಟೂ ತೂಕ ಹೆಚ್ಚು, ತೂಕ ಹೆಚ್ಚಿದಷ್ಟೂ ಪಸ್ತಿವಾಲಾ ಕೊಡುವ ದುಡ್ಡು ಹೆಚ್ಚು. ಮಾಸಿ ಪೇಪರಿನ ಬಿಲ್ಲನ್ನೂ ಪಸ್ತಿಯ ದುಡ್ಡನ್ನೂ ಒಂದೇ ಡೈರಿಯಲ್ಲಿ ಎದುರು ಬದುರು ಬರೆದಿಡುತ್ತಿದ್ದರು. ಅಪ್ಪಟ ಜಮಾ ಖರ್ಚು! ನಮ್ಮ ಬ್ಯಾಂಕಿನ ಆಡಿಟರ್ ನೋಡಿದ್ದರೆ ಕೈ ಮುಗಿಯುತ್ತಿದ್ದ.

ಇಷ್ಟು ಹೇಳಿ ಪೂರ್ತಿಯನ್ನು ಬರೀ ವ್ಯಾಪಾರ ಮಾಡಿಬಿಟ್ಟರೆ ಅನ್ಯಾಯವಾದೀತು. ನನಗೆ ಗುಜರಾತಿ ಕಲಿಸಿದ್ದೇ ಅದು. ದೇವನಾಗರಿಯ ತಲೆಗೆರೆ ತೆಗೆದು ಹಾಕಿದರೆ ಮುಕ್ಕಾಲು ಗುಜರಾತಿ ಎಂದು ಮಾಸಿ ಅಕ್ಷರ ತೋರಿಸಿಕೊಟ್ಟರು, ಮಿಕ್ಕಿದ್ದನ್ನು ಪೂರ್ತಿಯ ಅಂಕಣಕಾರರು ಕಲಿಸಿದರು. ಬಕುಲ್ ತ್ರಿಪಾಠಿ, ವಿನೋದ್ ಭಟ್ಟರ ನಗೆಬರಹ ಅರ್ಥವಾದ ದಿನ ನಾನು ಈ ಊರಿನವನಾದೆ ಎನ್ನಿಸಿತ್ತು. ಒಂದು ಭಾಷೆಯ ಜೋಕಿಗೆ ಯಾರೂ ವಿವರಿಸದೆ ನಕ್ಕರೆ ಆ ಭಾಷೆ ಬಂತೆಂದೇ ಲೆಕ್ಕ, ಅಲ್ಲವೇ? ಚಂದ್ರಕಾಂತ್ ಬಕ್ಷಿ ಇದ್ದರು, ಯಾರಿಗೂ ಹೆದರದ ಖಾರದ ಮನುಷ್ಯ, 2006ರಲ್ಲಿ ತೀರಿಕೊಂಡರು. ಗುಣವಂತ ಶಾಹ್ ಇದ್ದರು, ಹುಟ್ಟಿದ್ದು 1937ರಲ್ಲಿ ಸೂರತ್ ಪಕ್ಕದ ರಾಂದೇರ್‌ನಲ್ಲಿ, ಪಾಠ ಹೇಳಿದ್ದು ವಡೋದರಾದಲ್ಲಿ. ಅಶ್ವಿನಿ ಭಟ್ಟರ ಧಾರಾವಾಹಿಯ ಮುಂದಿನ ಕಂತಿಗಾಗಿ ನಮ್ಮ ಬ್ರ್ಯಾಂಚಿನ ಪ್ಯೂನ್ ಮ್ಯಾನೇಜರ್‌ಗಿಂತ ಮೊದಲು ಪೇಪರ್ ಬಿಚ್ಚುತ್ತಿದ್ದ.

ನನಗೆ ತುಂಬ ಹಿಡಿಸಿದ ಕಥೆ 'ಈಟ್ ಅನೆ ಇಮಾರತ್' ಅಂಕಣದ್ದು. ಇಟ್ಟಿಗೆ ಮತ್ತು ಇಮಾರತು ಎಂದು ಅರ್ಥ. ಜಯಭಿಖ್ಖು ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಬಾಲಾಭಾಯಿ ದೇಸಾಯಿಯವರು ಗುಜರಾತ್ ಸಮಾಚಾರ್‌ನಲ್ಲಿ 1953ರಲ್ಲಿ ಶುರು ಮಾಡಿದ್ದು. 1969ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಕಣ ನಿಲ್ಲಲಿಲ್ಲ, ಮಗ ಕುಮಾರಪಾಲ ದೇಸಾಯಿ ಅಪ್ಪನ ಪೆನ್ನು ಎತ್ತಿಕೊಂಡರು. ಅವರಿಗೆ 2004ರಲ್ಲಿ ಪದ್ಮಶ್ರೀಯೂ ಬಂತು. ಇಲ್ಲಿ ಅಂಗಡಿಯ ಗಲ್ಲಾ ಅಪ್ಪನಿಂದ ಮಗನಿಗೆ ಹೋಗುವುದು ಸಾಮಾನ್ಯ, ಅಂಕಣವೂ ಹಾಗೇ ಹೋಯಿತು. ಓದುಗರ ಮನೆಗಳಲ್ಲೂ ಅಪ್ಪ ಓದುತ್ತಿದ್ದ ಜಾಗದಲ್ಲಿ ಮಗ ಕೂತು ಓದಿದ.

ಇನ್ನು ಸ್ವಲ್ಪ ದೂರ ಹೋಗಿ ಬರೋಣ. ಅಹಮದಾಬಾದಿಗೆ ಬಂದ ಮೇಲೆ ಮಗಳು ಇಲ್ಲಿನ ಅಲಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕಲಿಯಲು ಸೇರಿದಳು. ಓದಿ ಅಭ್ಯಾಸ ಮಾಡಲೆಂದು ಯಾರೋ ಕೊಟ್ಟ ಹಳೆಯ ಪತ್ರಿಕೆಗಳನ್ನು ಮನೆಗೆ ತಂದಳು. ಅದರಲ್ಲೊಂದು 'ಲ ಫಿಗರೋ ಮ್ಯಾಗಝೀನ್'. ನುಣುಪು ಕಾಗದ, ಕೋಟೆಗಳು, ದ್ರಾಕ್ಷಿ ತೋಟಗಳು, ಗಡಿಯಾರದ ಜಾಹೀರಾತು. "ಅಪ್ಪಾ, ಇದನ್ನ ಬೇರೆ ಮಾರಲ್ವಂತೆ, ದಿನಪತ್ರಿಕೆ ಜೊತೆ ವಾರಾಂತ್ಯಕ್ಕೆ ಬರತ್ತಂತೆ" ಎಂದಳು. ಅರೆ, ಇದು ನಮ್ಮ ಪೂರ್ತಿಯೇ! ಕುತೂಹಲ ಹತ್ತಿತು. ಅವಳಿಗೆ ಸಿಕ್ಕಿದ್ದು, ನನಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದು ಎಲ್ಲ ಓದಿದೆ.

ಪೇಪರಿನ ಬೆಲೆ ಇಳಿಸಿ ಜಾಹೀರಾತಿನಿಂದ ತುಂಬಿಕೊಳ್ಳುವ ಉಪಾಯದಲ್ಲಿ ಫ್ರೆಂಚರು ಬಹಳ ಹಳಬರು. 1836ರಲ್ಲಿ ಎಮಿಲ್ ದ ಗಿರಾರ್ದಾಂ ಎಂಬವನು 'ಲ ಪ್ರೆಸ್' ಪತ್ರಿಕೆಯ ವಾರ್ಷಿಕ ಚಂದಾವನ್ನು ಬೇರೆಯವರು ತೆಗೆದುಕೊಳ್ಳುತ್ತಿದ್ದ 80 ಫ್ರಾಂಕಿನ ಅರ್ಧಕ್ಕೆ, 40ಕ್ಕೆ ಇಳಿಸಿದ. ಓದುಗರನ್ನು ಹಿಡಿದಿಡಲು ಬಾಲ್ಝಾಕ್‌ನ ಕಾದಂಬರಿಯನ್ನು ಕಂತುಕಂತಾಗಿ ಹಾಕಿದ. ಫಿಗರೋ ಇನ್ನೂ ಹಳೆಯದು, 1826ರದು. ಅದರ ಸಾಹಿತ್ಯ ಪುರವಣಿಯಲ್ಲಿಯೇ 1886ರಲ್ಲಿ ಸಾಂಕೇತಿಕ ಪಂಥದ ಕವಿಗಳ ಘೋಷಣೆ ಅಚ್ಚಾಯಿತು. ಅಂದರೆ ಪುರವಣಿ ಎಂದರೆ ಹರಟೆಯ ಪುಟವೇ ಆಗಿರಬೇಕೆಂದಿಲ್ಲ.

1975ರಲ್ಲಿ ರೊಬೇರ್ ಎರ್ಸಾಂ ಎಂಬ ಪತ್ರಿಕಾ ಒಡೆಯ ಫಿಗರೋ ಕೊಂಡ. 1978ರ ಅಕ್ಟೋಬರಿನಲ್ಲಿ ಅದರ ಜೊತೆ ಈ ಮ್ಯಾಗಝೀನ್ ಶುರುವಾಯಿತು. ಸಾರಥಿ ಲೂಯಿ ಪೋವೆಲ್ಸ್. ಆ ಕಾಲದ ಫ್ರಾನ್ಸಿನಲ್ಲಿ ಬುದ್ಧಿಜೀವಿಗಳೆಂದರೆ ಎಡಪಂಥೀಯರು ಎಂಬ ಮಾತಿತ್ತು. ಬಲಪಂಥೀಯ ಓದುಗರಿಗೂ ಚಂದದ, ವಿಚಾರದ ವಾರಪತ್ರಿಕೆ ಬೇಕು ಎಂದು ಪೋವೆಲ್ಸ್ ಲೆಕ್ಕ ಹಾಕಿದ, ಅದು ಸರಿಯೂ ಆಯಿತು. 1980ರಲ್ಲಿ ಹೆಂಗಸರಿಗೆ 'ಮದಾಮ್ ಫಿಗರೋ', 1987ರಲ್ಲಿ ಟಿವಿ ಪುರವಣಿ. ವಾರಾಂತ್ಯದ ಪೇಪರ್ ಕೊಂಡರೆ ಒಂದು ಚೀಲ ತುಂಬುವಷ್ಟು ಓದು. ಸಹಿಯರ್, ಚಿತ್ರಲೋಕ್ ನೆನಪಾಗುವುದಿಲ್ಲವೇ?

ಆದರೆ ಚಂದದ ಚಿತ್ರಗಳ ನಡುವೆಯೇ ಗಡುಸು ಮಾತೂ ಬರುತ್ತಿತ್ತು. 1985ರ ಅಕ್ಟೋಬರಿನ ಒಂದು ಸಂಚಿಕೆಯ ಮುಖಪುಟದಲ್ಲಿ ಫ್ರಾನ್ಸಿನ ಸಂಕೇತವಾದ ಮರಿಯಾನಳ ಪ್ರತಿಮೆಗೆ ಮುಸುಕು ಹಾಕಿ, ಮೂವತ್ತು ವರ್ಷಗಳ ನಂತರ ನಾವು ಫ್ರೆಂಚರಾಗಿಯೇ ಇರುತ್ತೇವೆಯೇ ಎಂದು ಕೇಳಿದರು. ವಲಸೆ ಬಂದವರ ಸಂಖ್ಯೆ ಹೆಚ್ಚುತ್ತದೆಂಬ ಭಯ. ದೊಡ್ಡ ಗಲಾಟೆಯಾಯಿತು. 1986ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ಪೋವೆಲ್ಸ್ ಅವರಿಗೆ ಮಾನಸಿಕ ಏಡ್ಸ್ ತಗುಲಿದೆ ಎಂದು ಬರೆದ. ಊರೂರು ದಾಟಿ ಹೊಟ್ಟೆ ಹೊರೆದುಕೊಳ್ಳುವ ನನ್ನಂಥವನಿಗೆ ಆ ಮೊದಲ ಮುಖಪುಟದ ವಿಷಯ ಓದಿ ಸ್ವಲ್ಪ ಚುಚ್ಚಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಈ ಮುಖಪುಟ ಅಂಗಡಿಯಲ್ಲಿ ನೇತಾಡುವ ಬೇರೆ ಪತ್ರಿಕೆಯದಾಗಿದ್ದರೆ ಬೇಡವೆಂದವನು ಕೊಳ್ಳದೆ ಹೋಗಬಹುದಿತ್ತು. ಇದು ಹಾಗಲ್ಲ. ಶೇರು ಪೇಟೆಯ ಸುದ್ದಿಗೆ, ಹವಾಮಾನಕ್ಕೆ ಪೇಪರ್ ಕೊಂಡವನ ಮನೆಗೂ ಅದು ನಡೆದು ಬಂತು. ಅಪ್ಪ ಎರಡು ತಿಂಗಳು ನಿಲ್ಲಿಸಿದ್ದರಲ್ಲ, ಆ ಅನುಕೂಲ ಇಲ್ಲಿ ಇಲ್ಲ. ಪೂರ್ತಿ ಬೇಡವೆಂದರೆ ಪೇಪರನ್ನೇ ಬಿಡಬೇಕು.

ಇಲ್ಲಿಗೆ ವಡೋದರಾದ ಮಾತು ಬರುತ್ತದೆ. 1997ರಲ್ಲಿ ಅಲ್ಲಿಗೆ ವರ್ಗವಾಯಿತು. ನಮ್ಮ ಬ್ರ್ಯಾಂಚಿನ ಹೆಡ್ ಕ್ಯಾಶಿಯರ್ ಹಿರಿಯ ಮುಸ್ಲಿಂ ಸಜ್ಜನರು, ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಓದುವ ಹುಚ್ಚು ಅವರಿಗೆ. ಮಹಾರಾಜ ಸಯಾಜಿರಾವ್ 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬವರನ್ನು ಕರೆಸಿ ಸಂಸ್ಥಾನದ ತುಂಬ ಗ್ರಂಥಾಲಯ ಮಾಡಿಸಿದ ಊರದು. ಚಾಚಾ ಹುಡುಗನಾಗಿದ್ದಾಗಿನಿಂದ ಸೆಂಟ್ರಲ್ ಲೈಬ್ರರಿಗೆ ಹೋಗುತ್ತಿದ್ದವರು. ಸೋಮವಾರ ಊಟದ ಹೊತ್ತಿಗೆ ನಮ್ಮದು ಪೂರ್ತಿಗಳ ಅದಲು ಬದಲು. ನಾನೊಂದು ಪೇಪರ್ ತರಿಸುತ್ತಿದ್ದೆ, ಅವರು ಇನ್ನೊಂದು. ನಾನು ಅವರ ಪೂರ್ತಿಯ ಪದಬಂಧ ಬಿಡಿಸಲು ಹೆಣಗುತ್ತಿದ್ದೆ, ಅವರು ನನ್ನ ತಪ್ಪು ತಿದ್ದುತ್ತಿದ್ದರು. ಅವರದೊಂದು ನಿಯಮವಿತ್ತು, "ಪಹೇಲಾ ಛಾಪುಂ, ಪಛೀ ಪೂರ್ತಿ." ಮೊದಲು ಪೇಪರ್, ಆಮೇಲೆ ಪುರವಣಿ. ಮೊದಲ ಪುಟ ಓದದೆ ಪೂರ್ತಿ ಕೇಳಿದರೆ ಬೈಯುತ್ತಿದ್ದರು.

2002ರ ಫೆಬ್ರವರಿ 27ರಂದು ಗೋಧ್ರಾದಲ್ಲಿ ರೈಲಿನ ಡಬ್ಬಿ ಸುಟ್ಟು 59 ಜನ ಸತ್ತರು. ಆಮೇಲೆ ರಾಜ್ಯ ಹೊತ್ತಿಕೊಂಡಿತು. ವಡೋದರಾದಲ್ಲಿ ಮಾರ್ಚ್ 1ರ ರಾತ್ರಿ ಬೆಸ್ಟ್ ಬೇಕರಿಯಲ್ಲಿ 14 ಜನ ಸತ್ತರು. ಕರ್ಫ್ಯೂ ಸಡಿಲವಾದ ಗಂಟೆಗಳಲ್ಲಿ ಹಾಲು, ಪೇಪರ್ ಎರಡಕ್ಕೂ ಕ್ಯೂ. ಆ ದಿನಗಳ ಮೊದಲ ಪುಟಗಳನ್ನು ನಾನು ಮತ್ತೆ ವಿವರಿಸುವುದಿಲ್ಲ. ಅದೇ ಮೇ ತಿಂಗಳಲ್ಲಿ ಎಡಿಟರ್ಸ್ ಗಿಲ್ಡ್ ಪರವಾಗಿ ಬಿ.ಜಿ. ವರ್ಗೀಸ್, ದಿಲೀಪ್ ಪಡಗಾಂವ್ಕರ್, ಆಕಾರ್ ಪಟೇಲ್ ಮೂವರು ವರದಿ ಕೊಟ್ಟರು. ಗುಜರಾತಿ ಪತ್ರಿಕೆಗಳಲ್ಲಿ ಕೆಲವು ಚೆನ್ನಾಗಿ ಕೆಲಸ ಮಾಡಿದವೆಂದೂ, ರಾಜ್ಯದ ಎರಡು ಅತಿ ದೊಡ್ಡ ಪತ್ರಿಕೆಗಳಾದ ಗುಜರಾತ್ ಸಮಾಚಾರ್ ಮತ್ತು ಸಂದೇಶ್ ಉದ್ರೇಕಿಸುವಂತೆ ಬರೆದವೆಂದೂ ಅದರಲ್ಲಿತ್ತು. ಪತ್ರಿಕೆಯೇ ಬೆಂಕಿಗೆ ಸಿಕ್ಕಿದ್ದೂ ಇದೇ ರಾಜ್ಯದಲ್ಲಿ. 1985ರ ಏಪ್ರಿಲಿನಲ್ಲಿ, ಮೀಸಲಾತಿ ಗಲಭೆಯ ಕಾಲದಲ್ಲಿ, ಅಹಮದಾಬಾದಿನ ಗುಜರಾತ್ ಸಮಾಚಾರ್ ಕಚೇರಿಯನ್ನೇ ಸುಟ್ಟಿದ್ದರು, ಪೊಲೀಸರ ಮೇಲೆಯೇ ಆರೋಪ ಬಂದಿತ್ತು. ಬೆಂಕಿಯ ಬಿಸಿ ಏನೆಂದು ತಿಳಿದವರೇ ಅವರು.

ನನಗೆ ನೆನಪಿರುವುದು ಮೊದಲ ಪುಟಕ್ಕಿಂತ ಅದರೊಳಗೆ ಮಡಚಿಟ್ಟಿದ್ದ ಪೂರ್ತಿ. ಹೊರಗೆ ಆ ದಪ್ಪ ಅಕ್ಷರ, ಒಳಗೆ ಎಂದಿನಂತೆ ಸಂಸಾರದ ಕಿವಿಮಾತು, ಉಪ್ಪಿನಕಾಯಿಯ ವಿಧಾನ, ನಗೆಹನಿ, ಪದಬಂಧ. ನಾನು ಏನು ಮಾಡಿದೆ ಗೊತ್ತೇ? ಮೊದಲ ಪುಟ ತಿರುಗಿಸಿ ಪೂರ್ತಿ ತೆಗೆದುಕೊಂಡೆ. ನಮಗೇಕೆ, ಹೊರಗಿನವರು ನಾವು ಎಂದುಕೊಂಡೆ. ಪದಬಂಧ ಬಿಡಿಸಿದೆ. ಅಂಥ ಹೊತ್ತಿನಲ್ಲಿ ಕಣ್ಣು ತಪ್ಪಿಸಲು ಅಷ್ಟು ಹಿತವಾದ ಜಾಗ ಮತ್ತೊಂದಿಲ್ಲ.

ಚಾಚಾ ಮೂರು ವಾರಗಳ ಮೇಲೆ ಕೆಲಸಕ್ಕೆ ಬಂದರು. ಮನೆ ಬಿಟ್ಟು ತಾಂದಲ್ಜಾದಲ್ಲಿ ಸಂಬಂಧಿಕರ ಜೊತೆ ಇದ್ದರು. ಸೋಮವಾರ ಊಟದ ಹೊತ್ತಿಗೆ ನಾನು ಅಭ್ಯಾಸಬಲದಿಂದ ನನ್ನ ಪೂರ್ತಿ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. "ಪೇಪರ್ ಬಂದ್ ಕರಿ ದೀಧುಂ, ಭಾಯ್" ಎಂದರು. ಪೇಪರ್ ನಿಲ್ಲಿಸಿಬಿಟ್ಟೆ ಎಂದು. ಆಮೇಲೆ ಟಿಫಿನ್ ಡಬ್ಬಿ ತೆರೆದು ಎಂದಿನಂತೆ ನನಗೂ ಒಂದು ರೊಟ್ಟಿ ಹಾಕಿದರು. ನಾನು ಏನು ಹೇಳಬೇಕೋ ತಿಳಿಯದೆ ಪೂರ್ತಿಯನ್ನು ಡ್ರಾಯರ್‌ಗೆ ತುರುಕಿದೆ. 2003ರಲ್ಲಿ ಅವರು ನಿವೃತ್ತರಾಗುವವರೆಗೂ ನಮ್ಮ ಅದಲು ಬದಲು ಮತ್ತೆ ಶುರುವಾಗಲಿಲ್ಲ. ನನ್ನ ಗುಜರಾತಿಯ ಒಳ್ಳೆಯ ಪದಗಳೆಲ್ಲ ಅವರು ತಿದ್ದಿಕೊಟ್ಟವು, ಅದು ನನಗೆ ಈಗಲೂ ಭಾರವೆನಿಸುತ್ತದೆ.

ಅದೇ 2003ರ ಜೂನ್ 23ರಂದು ಅಹಮದಾಬಾದಿನಲ್ಲಿ 'ದಿವ್ಯ ಭಾಸ್ಕರ್' ಬಂತು. ಭೋಪಾಲದ ಭಾಸ್ಕರ್ ಗುಂಪಿನವರು ಮನೆಮನೆಗೂ ಹೋಗಿ ನಿಮ್ಮ ಪೇಪರಿನಲ್ಲಿ ಏನು ಬೇಕು ಎಂದು ಕೇಳಿ ಬರೆದುಕೊಂಡಿದ್ದರು. ಮೊದಲ ದಿನವೇ ಸುಮಾರು 4.52 ಲಕ್ಷ ಪ್ರತಿ! 2004ರಲ್ಲಿ ಸೂರತ್, ವಡೋದರಾಗಳಿಗೂ ಬಂತು. 'ಕಲಶ್', 'ರಸರಂಗ್' ಎಂದು ಅದರದೂ ಪೂರ್ತಿಗಳು. ಪೈಪೋಟಿಯಲ್ಲಿ ಎಲ್ಲರ ಪೂರ್ತಿಯೂ ಬಣ್ಣಗೂಡಿತು, ಓದುಗನಿಗೆ ಹಬ್ಬ. ಬ್ಯಾಂಕಿನಲ್ಲಿ ಕೂತು ನಾನು ಗಮನಿಸಿದ್ದು, ಪುಟ ಹೆಚ್ಚಿದ್ದೆಲ್ಲ ಓದಿನ ಪುಟವಲ್ಲ, ಫ್ಲ್ಯಾಟ್ ಮಾರುವವರ ಪುಟ.

2004ರಲ್ಲಿ ನಾನು ಮತ್ತೆ ಸೂರತ್‌ಗೆ ಬಂದಿದ್ದೆ, ಅಡಾಜಣ್‌ನಲ್ಲಿ ನೆಲಮಹಡಿ ಮನೆ. 2006ರ ಆಗಸ್ಟಿನಲ್ಲಿ ಉಕಾಯಿ ಜಲಾಶಯದ ನೀರು ಬಿಟ್ಟಾಗ ತಾಪಿ ಊರೊಳಗೆ ಬಂತು. ಮಂಚದ ಕೆಳಗೆ ಎರಡು ಟ್ರಂಕು. ಒಂದರಲ್ಲಿ ಊರಿಂದ ತಂದ ಕಸ್ತೂರಿ, ಸುಧಾ ಸಂಚಿಕೆಗಳು, ಇನ್ನೊಂದರಲ್ಲಿ ಕತ್ತರಿಸಿಟ್ಟ ಪೂರ್ತಿಯ ಅಂಕಣಗಳು. ನಾಲ್ಕು ದಿನದ ಮೇಲೆ ನೀರಿಳಿದಾಗ ಎರಡೂ ಒಂದೇ ಬಣ್ಣದ ಮುದ್ದೆ. ಯಾವುದು ಕನ್ನಡ, ಯಾವುದು ಗುಜರಾತಿ, ಯಾವುದು ದುಡ್ಡು ಕೊಟ್ಟು ಕೊಂಡದ್ದು, ಯಾವುದು ಬಿಟ್ಟಿ ಬಂದದ್ದು ಎಂದು ಹೇಳುವಂತಿರಲಿಲ್ಲ. ಪಸ್ತಿವಾಲಾನೂ ಬೇಡವೆಂದ.

ಇಷ್ಟೆಲ್ಲ ಆದ ಮೇಲೂ ನಾನು ಪೂರ್ತಿಯ ವಿರೋಧಿಯಲ್ಲ. ಸಂಪ್ರದಾಯದ ಮನೆ ತನಗೆ ಬೇಕಾದ್ದನ್ನು ಓದಬಾರದೆಂದೂ ಹೇಳುವುದಿಲ್ಲ. ಈಟ್ ಅನೆ ಇಮಾರತ್ ಓದಿ ಬೆಳೆದವರಲ್ಲಿ ಎಷ್ಟೋ ಒಳ್ಳೆಯ ಮನುಷ್ಯರನ್ನು ಕಂಡಿದ್ದೇನೆ. ಮಾಸಿಯೂ ಅಂಥವರೇ. ಆದರೆ ಕೊಂಡು ಓದುವುದಕ್ಕೂ ಬಂದದ್ದನ್ನು ಓದುವುದಕ್ಕೂ ವ್ಯತ್ಯಾಸವಿದೆ. ಕೊಳ್ಳುವಾಗ ಒಂದು ಕ್ಷಣ ಜೇಬು ಮುಟ್ಟಿ ಯೋಚಿಸುತ್ತೇವೆ. ಮಡಿಕೆಯೊಳಗೆ ಬಂದದ್ದಕ್ಕೆ ಆ ಯೋಚನೆ ಇಲ್ಲ, ಅದು ಮನೆಯ ನೆಂಟನಂತೆ ಸೀದಾ ಚಹಾದ ಬಟ್ಟಲಿನ ಪಕ್ಕ ಬಂದು ಕೂರುತ್ತದೆ. ಪ್ಯಾರಿಸ್ಸಿನ ಓದುಗ ದ್ರಾಕ್ಷಿ ತೋಟದ ಚಿತ್ರ ನೋಡುತ್ತ ಪಕ್ಕದ ಪುಟದ ಭಯವನ್ನು ಒಳಗೆ ಬಿಟ್ಟುಕೊಂಡ. ನಾನು ಪದಬಂಧ ಬಿಡಿಸುತ್ತ ಹೊರಗಿನ ಪುಟವನ್ನು ಮರೆತೆ. ದಾರಿ ಬೇರೆ, ಸೇರಿದ ಜಾಗ ಒಂದೇ.

ಈಗ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಓದುವುದೆಲ್ಲ ಮೊಬೈಲಿನಲ್ಲಿ. ಅವಳಿಗೆ ಬೇಕಾದ್ದನ್ನು ಅದೇ ಮಡಚಿ ಮುಂದಿಡುತ್ತದೆ, ಯಾರು ಮಡಚಿದರೆಂದು ಅವಳಿಗೂ ಗೊತ್ತಿಲ್ಲ. ಮೊದಲ ಪುಟ ಎಂಬುದೇ ಅದರಲ್ಲಿಲ್ಲ, ಬರೀ ಪೂರ್ತಿ! 2020ರ ಲಾಕ್‌ಡೌನಿನಲ್ಲಿ ನಮ್ಮ ಸೊಸೈಟಿಗೆ ಪೇಪರ್ ಬರುವುದು ನಿಂತಿತ್ತು, ಮತ್ತೆ ಬಂದಾಗ ತೆಳ್ಳಗಾಗಿತ್ತು. ಪಕ್ಕದ ಮನೆಯವರು ಮತ್ತೆ ತರಿಸಲೇ ಇಲ್ಲ.

ನಾನು ತರಿಸುತ್ತೇನೆ. ಎರಡು ಬೇರೆ ಬೇರೆ ಮನೆಯ ಪೇಪರ್, ಹೆಂಡತಿ ಪಸ್ತಿ ಹೆಚ್ಚಾಯಿತೆಂದು ಗೊಣಗುತ್ತಾಳೆ. ಭಾನುವಾರ ಫಾಫಡಾ, ಜಲೇಬಿ ಬಂದಿರುತ್ತವೆ. ಕೈ ತಾನಾಗಿ ಒಳಗಿನ ಬಣ್ಣದ ಹಾಳೆಗೆ ಹೋಗುತ್ತದೆ. ಆಗ ಚಾಚಾ ಬೈಯುತ್ತಿದ್ದುದು ನೆನಪಾಗಿ ಅದನ್ನು ಬದಿಗಿಟ್ಟು ಮೊದಲ ಪುಟ ಎತ್ತಿಕೊಳ್ಳುತ್ತೇನೆ. ಪಹೇಲಾ ಛಾಪುಂ, ಪಛೀ ಪೂರ್ತಿ. ಕನ್ನಡದಲ್ಲಿ ಹೇಳುವುದಾದರೆ, ಓದುವುದಾದರೆ ಪೂರ್ತಿ ಓದು.

ನೀವಿರುವ ಊರಿನಲ್ಲಿ ಭಾನುವಾರ ಮೊದಲು ಎಳೆದುಕೊಳ್ಳುವ ಹಾಳೆ ಯಾವುದು? ನೆನಪಾದರೆ ತಿಳಿಸಿ.